ಬಿಚ್ಚಿ ಹೊಲಿದ ಸಾಲುಗಳು

ಗೋಸೆಲ್, ಕಾನ್ಸಾಸ್
ಅಕ್ಟೋಬರ್ 9, 1986, ಗುರುವಾರ

ಪ್ರೀತಿಯ ಎಲ್ಡಾ,

ಬೈದುಕೋ. ಒರೆಗಾನ್‌ನಲ್ಲಿ ಕೂತು ನೀನು ಎಷ್ಟು ಬೈದರೂ ಇಲ್ಲಿಗೆ ಕೇಳಿಸುವುದಿಲ್ಲ, ಧಾರಾಳವಾಗಿ ಬೈದುಕೋ. ಈಸ್ಟರ್‌ಗೆ ನೀನು ಕಳಿಸಿದ ಕಾರ್ಡಿಗೆ ಉತ್ತರ ಬರೆಯಲು ನನಗೆ ಅಕ್ಟೋಬರ್ ಬರಬೇಕಾಯಿತು. ಮೇ ತಿಂಗಳಲ್ಲಿ ಕಟಾವು ಯಂತ್ರಗಳ ಹಿಂದೆ ಹೊರಟವರು ಆಗಸ್ಟ್ ಕೊನೆಗೆ ಮನೆ ಸೇರಿದೆವು, ಪುರುಸೊತ್ತಾಗಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಅದು ನೆಪ. ನಿಜ ಹೇಳಬೇಕೆಂದರೆ ಬರೆದ ಅಕ್ಷರ ನನಗೇ ಕಾಣುತ್ತಿರಲಿಲ್ಲ. ಗಾಬರಿಯಾಗಬೇಡ, ಈಗ ಕಾಣುತ್ತಿದೆ. ನೋಡು, ಹೇಗೆ ಗೆರೆಯ ಮೇಲೇ ಬರೆಯುತ್ತಿದ್ದೇನೆ!

ನೀನು ಹೇಗಿದ್ದೀಯ? ನಿನ್ನ ತಂಗಿ ಇನ್ನೂ ಕಾಫಿಗೆ ನೀರು ಜಾಸ್ತಿ ಹಾಕುತ್ತಾಳಾ? ನನ್ನ ಗಂಡರಾಯ ಆರ್ಲಿನ್‌ಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಕಾಯಿಲೆಯಿಲ್ಲ. ಆ ಮೊಣಕಾಲಿನ ವಿಷಯವನ್ನು ಮಾತ್ರ ಅವನು ಬಂದವರಿಗೆಲ್ಲ ಹೇಳುತ್ತಾನೆ, ಹವಾಮಾನ ಹೇಳಿದ ಹಾಗೆ.

ದೊಡ್ಡ ಸುದ್ದಿ ಎಂದರೆ ನಮ್ಮ ಲೊರೀನಳ ಮಗಳು, ನನ್ನ ಮೊಮ್ಮಗಳು ಮಾರ್ಲಾಳ ಮದುವೆ, ನವೆಂಬರ್ 8ಕ್ಕೆ. ನಾವು ಹೊಲಿಯುವಾಗ ಕೌದಿಯ ಚೌಕಟ್ಟಿನ ಕೆಳಗೆ ಕೂತು ನಿನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿಕೊಡುತ್ತಿದ್ದಳಲ್ಲ, ಅದೇ ಮಾರ್ಲಾ. ಈಗ ನನಗಿಂತ ಒಂದು ಗೇಣು ಎತ್ತರ. ಅವಳು ಹುಟ್ಟಿದ ದಿನವೇ ನಾನು ಮಾತು ಕೊಟ್ಟಿದ್ದೆ, ನಿನ್ನ ಮದುವೆಗೆ ಉಂಗುರದೊಳಗೆ ಉಂಗುರ ಸೇರಿದ ಕೌದಿ ಹೊಲಿಯುತ್ತೇನೆ ಅಂತ. ಹಸುಗೂಸಿಗೆ ಕೊಟ್ಟ ಮಾತು, ಯಾರೂ ಕೇಳಿಸಿಕೊಂಡಿರಲಿಲ್ಲ, ಆದರೂ ಮಾತು ಮಾತೇ.

ಹಾಗಾಗಿ ಈ ಸಲ ಬಿಸ್ಕತ್ತಿನ ಡಬ್ಬದ ತುಂಬ ಬಟ್ಟೆಯ ಚೂರುಗಳನ್ನು ಕತ್ತರಿಸಿ ತುಂಬಿಕೊಂಡು ಹೊರಟೆ. ಆರ್ಲಿನ್‌ನ ಹಳೆ ಅಂಗಿಗಳು, ಲೊರೀನಳ ಶಾಲೆಯ ಲಂಗ, ನನ್ನ ಅಮ್ಮ ಹಿಟ್ಟಿನ ಚೀಲದಲ್ಲಿ ಹೊಲಿದುಕೊಂಡಿದ್ದ ಏಪ್ರನ್ನು. ನಿನ್ನ ಆ ನೀಲಿ ಚುಕ್ಕಿಯ ಫ್ರಾಕಿನ ಬಟ್ಟೆಯೂ ಇದೆ, ನೀನು ಕೊಟ್ಟು ಮರೆತಿರಬಹುದು. ಒಕ್ಲಹೋಮಾದಿಂದ ಮೊಂಟಾನಾವರೆಗೆ ಗೋಧಿ ಹಣ್ಣಾದ ಹಾಗೆ ಊರೂರಿನ ಹೊಲ ಕೊಯ್ದುಕೊಡುತ್ತ ನಾವು ಮುಂದೆ ಹೋಗುವುದು, ಏಳು ಜನ ಗಂಡಸರಿಗೆ ಮೂರು ಹೊತ್ತು ಬೇಯಿಸುವುದು, ನಡುವೆ ಧಾನ್ಯದ ಟ್ರಕ್ಕು ಓಡಿಸುವುದು. ಗೋದಾಮಿನ ಮುಂದೆ ಟ್ರಕ್ಕುಗಳು ಸಾಲುಗಟ್ಟಿ ನಿಂತಾಗ ಉಳಿದ ಚಾಲಕರು ಸಿಗರೇಟು ಸೇದುತ್ತಾರೆ, ನಾನು ಸ್ಟೀರಿಂಗ್ ಮೇಲೆ ಬಟ್ಟೆ ಹರಡಿಕೊಂಡು ಉಂಗುರ ಜೋಡಿಸುತ್ತೇನೆ. ನೆಬ್ರಾಸ್ಕಾದಲ್ಲಿ ಹಿಂದಿನ ಟ್ರಕ್ಕಿನವನು ಬಂದು ಕಿಟಕಿ ತಟ್ಟಿ, "ಅಮ್ಮಾ, ಲೈನ್ ಮುಂದೆ ಹೋಯ್ತು! ಹೊಲಿಗೆ ಮುಗಿಸಿ ಹೊರಡ್ತೀರೋ, ನಾನೂ ಒಂದು ಸೂಜಿ ತಗೊಂಡು ಕೂತ್ಕೊಳ್ಲೋ?" ಅಂದ. ಕೂತ್ಕೋ, ಗುಂಡಿ ಹಚ್ಚೋದು ಕಲಿಸ್ತೀನಿ ಅಂದೆ.

ಅಲ್ಲೇ ನನಗೆ ಮೊದಲು ಅನುಮಾನ ಬಂದಿದ್ದು. ಮಂಜು ಕವಿದ ಗಾಜಿನಿಂದ ನೋಡಿದ ಹಾಗೆ ಎಲ್ಲವೂ ಮಬ್ಬು. ಕನ್ನಡಕ ಒರೆಸಿದೆ. ಮತ್ತೆ ಒರೆಸಿದೆ. ದಕ್ಷಿಣ ಡಕೋಟಾ ಸೇರುವ ಹೊತ್ತಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಿಸಿಲಿಗೆ ಎದುರಾಗಿ ಟ್ರಕ್ಕು ಹಿಂದಕ್ಕೆ ತೆಗೆಯುವಾಗ ಅಲ್ಲಿ ಕಂಬ ಇದ್ದದ್ದೇ ಗೊತ್ತಾಗಲಿಲ್ಲ. ಒಂದು ಗೇಣಿನಲ್ಲಿ ತಪ್ಪಿತು. ಅವತ್ತೇ ಆರ್ಲಿನ್‌ಗೆ ಸೊಂಟ ನೋವು ಅಂತ ಹೇಳಿ ಕೀಲಿಕೈ ಕೊಟ್ಟುಬಿಟ್ಟೆ.

ನನ್ನ ಅಮ್ಮ ಕೊನೆಯ ಆರು ವರ್ಷ ಹೇಗಿದ್ದಳು ಅಂತ ನೀನು ನೋಡಿದ್ದೀಯ. ಗೋಡೆ ತಡವಿಕೊಂಡು ಓಡಾಡುತ್ತಿದ್ದಳು, ಒಲೆಯ ಹತ್ತಿರ ನಾವು ಬಿಡುತ್ತಿರಲಿಲ್ಲ. ನನ್ನದೂ ಅದೇ ಪಾಡು ಅಂದುಕೊಂಡೆ. ಡಾಕ್ಟರ ಹತ್ತಿರ ಹೋದರೆ ಅವರು ಅದನ್ನೇ ಹೇಳುತ್ತಾರೆ, ಹೋಗದಿದ್ದರೆ ಹೇಳುವುದಿಲ್ಲ. ಇಷ್ಟೇ ನನ್ನ ಬುದ್ಧಿ, ನಗು ಬೇಕಾದರೆ. ಕಣ್ಣು ಪೂರ್ತಿ ಹೋಗುವ ಮುಂಚೆ ಮಾರ್ಲಾಳ ಕೌದಿ ಒಂದು ಮುಗಿದುಬಿಡಲಿ ಎಂದು ದೇವರ ಹತ್ತಿರ ಚೌಕಾಸಿ ಮಾಡಿದೆ.

ಸೆಪ್ಟೆಂಬರ್ ಮೊದಲ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಕೌದಿಯನ್ನು ಚೌಕಟ್ಟಿಗೆ ಬಿಗಿದೆವು. ಈಗ ನಾವು ಐದೇ ಜನ. ನಮ್ಮ ಮುದುಕಿ ಟೆನಾ ಅತ್ತೆಗೆ ಎಂಬತ್ತೆರಡು, ಇನ್ನೂ ಚೌಕಟ್ಟಿನ ತಲೆಯ ಕಡೆ ಕೂತು ಎಲ್ಲರನ್ನೂ ಆಳುತ್ತಾಳೆ. ಪಾದ್ರಿಯ ಹೆಂಡತಿ ಲವೀನಾ ನಿನ್ನ ಕುರ್ಚಿಯಲ್ಲಿ ಕೂರುತ್ತಾಳೆ, ಬೇಜಾರು ಮಾಡಿಕೊಳ್ಳಬೇಡ. ನಾನು ಪೆನ್ಸಿಲಿನ ಗೆರೆ ಕಾಣದೆ ಬೆರಳಲ್ಲೇ ತಡವಿ ಹೊಲಿದೆ. ಅಡಿಯಲ್ಲಿದ್ದ ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡೆನೋ! ಬಿಳಿ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿತ್ತು.

"ಉಗುಳು ಹಚ್ಚೇ," ಅಂದಳು ಟೆನಾ ಅತ್ತೆ. "ಮೊದಲ್ನೇ ಸಲ ಹೊಲಿಯೋಳ ಹಾಗೆ ನೋಡ್ತೀಯಲ್ಲ. ಅವರವರ ರಕ್ತ ಹೋಗ್ಬೇಕಾದ್ರೆ ಅವರವರ ಉಗುಳೇ ಆಗ್ಬೇಕು."

ಹಚ್ಚಿ ಉಜ್ಜಿದೆ, ಹೋಯಿತು. ಆಶ್ಚರ್ಯದ ವಿಷಯ ಏನು ಗೊತ್ತಾ? ಮುಂದಿನ ಮಂಗಳವಾರ ಹೋಗಿ ಹಿಂದಿನ ವಾರದ ನನ್ನ ಸಾಲುಗಳ ಮೇಲೆ ಬೆರಳಾಡಿಸಿದರೆ ಹೊಲಿಗೆ ಒಂದೇ ಸಮ, ಚಿಕ್ಕ ಚಿಕ್ಕದು, ಇಪ್ಪತ್ತು ವರ್ಷದ ಹಿಂದೆ ನಾನು ಹಾಕುತ್ತಿದ್ದ ಹಾಗೆ. ಕಣ್ಣು ಹೋದರೇನು, ಕೈಗೆ ಗೊತ್ತಿದೆ ಅಂದುಕೊಂಡು ಮನೆಗೆ ಬಂದು ಹಾಡು ಹೇಳಿಕೊಂಡು ಬನ್ನು ಬೇಯಿಸಿದೆ. ಆರ್ಲಿನ್ ಏನೇ ವಿಶೇಷ ಅಂತ ಕೇಳಿದ.

ಮೂರನೆಯ ಮಂಗಳವಾರ ಕೇಕಿನ ಪಾತ್ರೆ ಮರೆತು ಹೊರಟೆ. ಕಾರಿನವರೆಗೆ ಹೋದವಳು ತಿರುಗಿ ಬಂದು ಮೆಟ್ಟಿಲಿಳಿದರೆ, ನಾಲ್ಕೂ ತಲೆಗಳು ನಾನು ಕೂತಿದ್ದ ಕಡೆ ಬಗ್ಗಿವೆ. ಮೇಜಿನ ಮೇಲೆ ಕಿತ್ತ ದಾರದ ಗುಡ್ಡೆ. ಲವೀನಾಳ ಕೈಯಲ್ಲಿ ಪುಟ್ಟ ಕತ್ತರಿ.

ಅದೇನೆಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೊಲಿಯಲು ಬಂದವರನ್ನು ಬೇಡ ಅನ್ನುವ ಹಾಗಿಲ್ಲ, ಹೊಲಿಗೆ ಕೆಟ್ಟಿದ್ದರೆ ಅವರು ಮನೆಗೆ ಹೋದ ಮೇಲೆ ಬಿಚ್ಚಿ, ಅದೇ ತೂತುಗಳ ಪಕ್ಕದಲ್ಲಿ ಸರಿಯಾಗಿ ಹೊಲಿದು, ತುಟಿ ಹೊಲಿದುಕೊಂಡು ಕೂರುವುದು. ಲವೀನಾ ಹೊಸದಾಗಿ ಬಂದಾಗ ಅವಳ ಸಾಲುಗಳನ್ನು ನಾನೂ ನೀನೂ ಸೇರಿ ಎಷ್ಟು ಬಿಚ್ಚಿಲ್ಲ! ಆದರೆ ಬಿಚ್ಚಿಸಿಕೊಳ್ಳುವವಳು ನಾನಾಗುತ್ತೇನೆ ಎಂದು ಕನಸಲ್ಲೂ ಎಣಿಸಿರಲಿಲ್ಲ.

"ಏನ್ ನಡೀತಿದೆ ಇಲ್ಲಿ?" ಅಂದೆ.

ಲವೀನಾ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿದಳು. "ಅಯ್ಯೋ, ಆದೀನಾ ಅಕ್ಕಾ, ನೀವು ಹೋಗ್ಲಿಲ್ವಾ?"

"ಹೋಗಿದ್ರೆ ನಿಮಗೆ ಅನುಕೂಲ ಆಗ್ತಿತ್ತು, ಅಲ್ವಾ?"

"ಕೂತ್ಕೋ," ಅಂದಳು ಟೆನಾ ಅತ್ತೆ.

"ಕೂತ್ಕೊಳ್ಳಲ್ಲ."

"ಹಾಗಾದ್ರೆ ನಿಂತ್ಕೊಂಡೇ ಕೇಳು. ನಿನ್ನ ಹೊಲಿಗೆ ಕೋಳಿ ಕೆರೆದ ಹಾಗಿದೆ. ಮೂರು ವಾರದಿಂದ ಬಿಚ್ಚಿ ಬಿಚ್ಚಿ ನನ್ನ ಬೆನ್ನು ಬಿದ್ದುಹೋಯ್ತು. ನಿಂಗೆ ಕಣ್ಣು ಕಾಣಲ್ಲ ಅನ್ನೋದು ಇಡೀ ಊರಿಗೇ ಗೊತ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ," ಅಂದಳು ಮುದುಕಿ. ಅಷ್ಟು ಹೇಳಿ ಮತ್ತೆ ಸೂಜಿ ಎತ್ತಿಕೊಂಡಳು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ಕಾರಿನಲ್ಲಿ ಕೂತು ಅತ್ತುಬಿಟ್ಟೆ, ಎಲ್ಡಾ. ಸಿಟ್ಟು ಒಂದು ಪಾಲು, ನಾಚಿಕೆ ಮೂರು ಪಾಲು. ಹಾಡು ಹೇಳಿಕೊಂಡು ಬನ್ನು ಬೇಯಿಸಿದ್ದು ನೆನಪಾಗಿ ಇನ್ನೂ ಅಳು ಬಂತು. ಲವೀನಾ ಕೇಕಿನ ಪಾತ್ರೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, "ನನ್ನ ಹೊಲಿಗೆ ನೀವೆಲ್ಲ ಬಿಚ್ತಿದ್ದದ್ದು ನಂಗೆ ಗೊತ್ತಿತ್ತು ಅಕ್ಕಾ," ಅಂದಳು.

"ಗೊತ್ತಿದ್ದೂ ಬರ್ತಿದ್ದೆಯಾ?"

"ಬರದೆ ಏನ್ ಮಾಡ್ಲಿ? ಮನೇಲಿದ್ರೆ ಅವರು ಭಾನುವಾರದ ಪ್ರಸಂಗ ಓದಿ ಓದಿ ನಂಗೇ ಕೇಳಿಸ್ತಿದ್ರು." ನನಗೆ ಅಳುವಿನ ನಡುವೆ ನಗು ಬಂತು. "ಜರುಗಿ ಅಕ್ಕಾ ಆ ಕಡೆ, ಕಾರು ನಾನು ಓಡಿಸ್ತೀನಿ. ನೇರ ನ್ಯೂಟನ್‌ಗೆ, ಕಣ್ಣಿನ ಡಾಕ್ಟರ ಹತ್ರ. ಈ ಕಣ್ಣಲ್ಲಿ ನೀವು ಇನ್ನೊಂದು ಸಲ ಕಾರು ಮುಟ್ಟಿದ್ರೆ ನಾನೇ ಪೊಲೀಸರಿಗೆ ಹೇಳ್ತೀನಿ."

ಡಾಕ್ಟರು ನನ್ನ ಮೊಮ್ಮಗನ ವಯಸ್ಸಿನವನು. ದೀಪ ಹಿಡಿದು ನೋಡಿದ, ಹನಿ ಹಾಕಿ ನೋಡಿದ. ನಾನು ಅಮ್ಮನ ಕಥೆಯೆಲ್ಲ ಹೇಳಿ, ಕುರುಡಿಯಾಗಲು ಇನ್ನೆಷ್ಟು ತಿಂಗಳು ಅಂತ ಕೇಳಿದೆ. ಅವನು ಕುರ್ಚಿ ಹತ್ತಿರ ಎಳೆದುಕೊಂಡು, "ಅಮ್ಮಾ, ನಿಮಗೆ ಅದಲ್ಲ. ಬರೀ ಪೊರೆ. ತೆಗೆದ್ರೆ ಆಯ್ತು," ಅಂದ. ಬರೀ ಪೊರೆ! ಎರಡು ತಿಂಗಳು ನಾನು ಒಳಗೊಳಗೇ ಸತ್ತಿದ್ದು ಒಂದು ಪೊರೆಗೋಸ್ಕರ. ಆ ಹುಡುಗನನ್ನು ಅಪ್ಪಿಕೊಂಡುಬಿಟ್ಟೆ, ಪಾಪ, ಅವನ ದೀಪ ಕೆಳಗೆ ಬಿತ್ತು.

ಮನೆಗೆ ಬಂದು ಆರ್ಲಿನ್‌ಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಟ್ರಕ್ ಬಿಟ್ಟ ದಿನಾನೇ ಗೊತ್ತಾಯ್ತು," ಅಂದ. "ಸೊಂಟ ನೋವು ಅಂದವಳು ಅವತ್ತೇ ಹಿಟ್ಟಿನ ಮೂಟೆ ಹೆಗಲ ಮೇಲೆ ಹೊತ್ಕೊಂಡು ಬಂದೆ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ." ಇಂಥ ಗಂಡಸಿಗೆ ಏನು ಹೇಳುವುದು, ಹೇಳು.

ಯಾರದೋ ಸರದಿ ತಪ್ಪಿ ನನಗೆ ಒಂದೇ ವಾರದಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನರ್ಸಿನ ಸ್ವೆಟರು. ನೀಲಿ! ನೀಲಿ ಅಂದರೆ ಅಷ್ಟು ನೀಲಿ ಅಂತ ನನಗೆ ಮರೆತೇಹೋಗಿತ್ತು. ಮನೆಗೆ ಬಂದು ನೋಡಿದರೆ ಅಡುಗೆಮನೆಯ ಮೂಲೆಯಲ್ಲಿ ಇಷ್ಟು ಕೊಳೆ, ಆರ್ಲಿನ್‌ನ ಮುಖದಲ್ಲಿ ಇಷ್ಟು ಸುಕ್ಕು. ಎರಡೂ ನನ್ನ ಬೆನ್ನ ಹಿಂದೆ ಬೆಳೆದಿದ್ದವು.

ಇನ್ನೊಂದು ಕಣ್ಣು ಕ್ರಿಸ್‌ಮಸ್ ಆದ ಮೇಲೆ. ಕೌದಿಯನ್ನು ಈಗ ಹೊಸ ಕಣ್ಣಿನಿಂದ ನೋಡಿದೆ. ಒಂದು ಉಂಗುರದಲ್ಲಿ ನೀಲಿಯ ಜಾಗದಲ್ಲಿ ಮಾಸಿದ ಕಂದು ಬಣ್ಣದ ತುಂಡು ಕೂತಿದೆ, ಮೊಂಟಾನಾದಲ್ಲಿ ನನಗೆ ಅದು ನೀಲಿಯಾಗಿ ಕಂಡಿತ್ತು. ಬಿಚ್ಚಲು ಕತ್ತರಿ ತೆಗೆದರೆ ಮಾರ್ಲಾ ಕೈ ಹಿಡಿದಳು. "ಇರ್ಲಿ ಬಿಡು ಅಜ್ಜಿ. ಇದನ್ನ ಕುಡಿದು ಹೊಲಿದಿದ್ದು ಅಂತ ಎಲ್ಲರಿಗೂ ಹೇಳ್ತೀನಿ." ಒಂದು ತೊಟ್ಟು ವೈನ್ ಮುಟ್ಟದ ನಮ್ಮ ವಂಶದಲ್ಲಿ ಇಂಥವಳು ಹುಟ್ಟಿದ್ದಾಳೆ.

ಎಲ್ಲ ಹೇಳಿ ಹಗುರವಾಯಿತು. ಮದುವೆಯ ಕರೆಯೋಲೆ ಇದರ ಜೊತೆಗಿದೆ. ದೇವರು ನಿನ್ನನ್ನೂ ನಿನ್ನ ತಂಗಿಯನ್ನೂ ಚಳಿಗಾಲವಿಡೀ ಬೆಚ್ಚಗಿಟ್ಟಿರಲಿ, ನಿನ್ನ ಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರಲಿ.

ನಿನ್ನ ಎದುರು ಕುರ್ಚಿಯವಳು,
ಆದೀನಾ

ಪುನಶ್ಚ: ಲಕೋಟೆ ಅಂಟಿಸಿ ಮತ್ತೆ ಹರಿದೆ. ಹಗುರವಾಯಿತು ಅಂತ ಬರೆದದ್ದು ಸುಳ್ಳು. ಮೆಟ್ಟಿಲ ಕೆಳಗೆ ನಿಂತು ಆ ನಾಲ್ಕು ತಲೆಗಳನ್ನು ನೋಡಿದಾಗ ನನಗೆ ನೆನಪಾದದ್ದು ನೀನು. ನಿನ್ನ ಗಂಡ ರೂಬೆನ್ ತೀರಿಕೊಂಡ ಮೇಲೆ ನಿನ್ನ ಕೈಗೆ ನಡುಕ ಬಂತಲ್ಲ, ಆಮೇಲೆ ಎರಡು ವರ್ಷ ನೀನು ಹೊಲಿದ ಸಾಲುಗಳನ್ನೆಲ್ಲ ನಾವು ಬಿಚ್ಚಿದೆವು. ಕತ್ತರಿ ಹಿಡಿಯುತ್ತಿದ್ದವಳು ನಾನೇ. ಎಂಬತ್ತೆರಡನೇ ಇಸವಿಯ ನವೆಂಬರಿನ ಒಂದು ಮಂಗಳವಾರ, ಬಿಚ್ಚಿ ಮುಗಿಸಿ ಎದ್ದರೆ, ನೀನು ಮರೆತು ಹೋಗಿದ್ದ ನೀಲಿ ಅಂಚಿನ ಪಾತ್ರೆ ಅದರ ಜಾಗದಲ್ಲಿ ಇರಲಿಲ್ಲ. ಮೆಟ್ಟಿಲ ಹತ್ತಿರ ಬೂಟಿಗಂಟಿ ಬಂದ ಹಿಮ ಕರಗಿದ ನೀರಿತ್ತು. ಯಾರಿಗೂ ಹೇಳದೆ ಒರೆಸಿಬಿಟ್ಟೆ. ಮುಂದಿನ ವಾರದಿಂದ ನೀನು ಬರಲಿಲ್ಲ, ವಸಂತ ಬರುವಷ್ಟರಲ್ಲಿ ಊರನ್ನೇ ಬಿಟ್ಟೆ. ಕೈ ನಡುಗುತ್ತೆ, ಇನ್ನು ಸಾಕು ಅಂದೆ ನೀನು, ನಾನು ಹೂಂ ಅಂದೆ. ಕಾರಣ ಗೊತ್ತಿದ್ದೂ ಹೂಂ ಅಂದೆ. ನಾಲ್ಕು ವರ್ಷದಿಂದ ನಿನಗೆ ಮೊಣಕಾಲಿನ ಸುದ್ದಿ ಬರೆಯುತ್ತಿದ್ದೇನೆ. ಈ ಕಲೆ ನನ್ನದು, ನನ್ನ ಉಗುಳೇ ಆಗಬೇಕು. ತಪ್ಪಾಯಿತು, ಎಲ್ಡಾ. ಬಿಚ್ಚಿದ್ದಕ್ಕಲ್ಲ. ಅವತ್ತೇ ನಿನ್ನ ಹಿಂದೆ ಓಡಿ ಬರದೆ ಇದ್ದದ್ದಕ್ಕೆ.

ಕೌದಿಯ ಒಂದು ಮೂಲೆ ಹೊಲಿಯದೆ ಬಿಟ್ಟಿದ್ದೇನೆ, ನಿನ್ನ ಚುಕ್ಕಿ ಫ್ರಾಕಿನ ತುಂಡಿರುವ ಮೂಲೆ. ಮದುವೆಗೆ ಮುಂಚಿನ ಮಂಗಳವಾರಕ್ಕೆ ಬಾ, ರೈಲು ನ್ಯೂಟನ್‌ಗೆ ಬಂದಾಗ ಆರ್ಲಿನ್ ನಿಂತಿರುತ್ತಾನೆ. ಕೈ ನಡುಗಿದರೆ ನಡುಗಲಿ, ಆ ಮೂಲೆಗೆ ಕತ್ತರಿ ತಾಗಲು ನಾನು ಬಿಡುವುದಿಲ್ಲ. ನೀಲಿ ಅಂಚಿನ ಪಾತ್ರೆ ತಾ. ಹೊರಡುವಾಗ ಬೇಕೆಂದೇ ಮರೆತು ಹೋಗು, ಆಮೇಲೆ ತಿರುಗಿ ಬಂದು ನೋಡು, ನಾವು ಏನು ಮಾಡುತ್ತಿರುತ್ತೇವೆ ಅಂತ.