ಎದುರಿಗೆ ನೀನಿಲ್ಲದ ಆಟ

ಪಾರ್ಕ್‌ಲ್ಯಾಂಡ್ಸ್, ನೈರೋಬಿ
ಜೂನ್ ೨೦೦೬

ಅಕ್ಕಾ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಶನಿವಾರ ಇವರ ಫ್ಯಾಕ್ಟರಿಯವರ ಜೊತೆ ಕ್ಯಾಸಿನೊಗೆ ಹೋಗಿದ್ದೆ. ಇಪ್ಪತ್ತೊಂದು ಕೂಡಿಸುವ ಬ್ಲ್ಯಾಕ್‌ಜ್ಯಾಕ್ ಆಟದ ಮೇಜುಗಳಲ್ಲಿ ಇಸ್ಪೀಟೆಲೆ ಕಲೆಸುವುದು ಯಂತ್ರ. ಆಡಿದ ಎಲೆ ಕೂಡಲೇ ಒಳಗೆ ಹೋಗುವುದರಿಂದ ನೆನಪಿಟ್ಟು ಪ್ರಯೋಜನವಿಲ್ಲ. ಮೂಲೆಯ ಮೇಜಿನಲ್ಲಿ ಮಾತ್ರ ಹುಡುಗಿಯೊಬ್ಬಳು ಕೈಯಲ್ಲೇ ಕಲೆಸಿ ಹಂಚುತ್ತಿದ್ದಳು. ಅಲ್ಲೇ ಕೂತೆ.

ಸಣ್ಣ ಎಲೆಗಳು ಸಾಲಾಗಿ ಬಿದ್ದುಹೋದವು. ಉಳಿದದ್ದರಲ್ಲಿ ರಾಜ, ರಾಣಿ, ಎಕ್ಕಗಳೇ ಹೆಚ್ಚು. ದೊಡ್ಡ ಎಲೆ ಉಳಿದಷ್ಟೂ ಆಡುವವರಿಗೆ ಅನುಕೂಲ, ಪಣ ಏರಿಸಬೇಕಾದ ಹೊತ್ತು. ನನ್ನ ಕೈ ತಾನಾಗಿ ಕಿವಿಯ ಓಲೆಗೆ ಹೋಯಿತು. ಊರಲ್ಲಿ ಜೋಡಿಯಾಗಿ ಇಪ್ಪತ್ತೆಂಟರ ಇಸ್ಪೀಟು ಆಡುವಾಗ ‘ಈಗ ಏರಿಸು’ ಎಂದು ಎದುರು ಕೂತ ನಿನಗೆ ಮಾಡುತ್ತಿದ್ದೆನಲ್ಲ, ಅದೇ ಸನ್ನೆ! ತಲೆಯೆತ್ತಿದರೆ ಎದುರಿಗೆ ಹಂಚುವ ಹುಡುಗಿ.

“ಯಾಕೆ, ಓಲೆ ಬಿದ್ದೋಯ್ತಾ?” ಎಂದರು ಇವರು.

ಪಣಕ್ಕೆ ಅತಿ ಚಿಕ್ಕ ಬಿಲ್ಲೆಯನ್ನೇ ಇಟ್ಟೆ. ಎಕ್ಕವೂ ರಾಜನೂ ಬಂದು ಇಪ್ಪತ್ತೊಂದಾಗಿ ಗೆದ್ದೆ, ಖುಷಿಯಾಗಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಅದನ್ನು ನಂಬಲು ನನಗೆ ಈಗಲೂ ನೀನೇ ಬೇಕೇ?

ನನ್ನ ಕೆಮ್ಮು ಕಡಿಮೆಯಾಗಿದೆ. ನಿನಗೆ ಮಂಡಿನೋವು ಎಂದರೆ ವಿಮಾನದಲ್ಲಿ ಕಾಲು ಚಾಚುವ ಸೀಟು ಕೊಡುತ್ತಾರಂತೆ, ವಿಚಾರಿಸಿದ್ದೇನೆ. ಇಲ್ಲಿಗೆ ಬಾ ಎಂದರೆ ನೀನು ‘ನೋಡೋಣ’ ಅನ್ನುತ್ತಲೇ ವರ್ಷಗಳಾದವು. ಎಲೆ ನೆನಪಿಡುವುದು ನನ್ನ ಪಾಲು, ಧೈರ್ಯ ನಿನ್ನ ಪಾಲು ಅಲ್ಲವೇ? ಹೊರಟು ಬಾ.

ಜಾಹ್ನವಿ