ನೇರಳೆ ಮರದ ಪಕ್ಕದ ಚೌಕ

ಏಪ್ರಿಲ್ 21, ಭಾನುವಾರ

ಇಡ್ಲಿ ಬೇಯುತ್ತಿತ್ತು. ಭಾವ ಬಂದರು, ಕಂಕುಳಲ್ಲಿ ನಕ್ಷೆಯ ಸುರುಳಿ. ಪುರಸೈವಾಕ್ಕಂನಲ್ಲಿ ಸೀರೆ ಮಾರುವ ಗುರುಬಸಪ್ಪನವರು ಈಗ ಸಂಶೋಧಕರು!

ಅದೇ ಕಥೆ. ಜಪಾನಿನವರು ಮದ್ರಾಸಿಗೆ ಬಾಂಬ್ ಹಾಕುತ್ತಾರೆಂದು ಊರಿಗೆ ಊರೇ ಓಡಿದಾಗ, ಇವರ ಅಜ್ಜ ರೆಡ್ ಹಿಲ್ಸ್ ಕಡೆಯ ನಮ್ಮ ತೋಪಿನಲ್ಲಿ ಚಿನ್ನ ಹೂತರಂತೆ. ಪಾರ್ಸೆಲ್ಲಿನ ದಾರವನ್ನೂ ಬಿಚ್ಚಿ ಸುತ್ತಿಡುತ್ತಿದ್ದ ಮನುಷ್ಯ. ಅಂಥವನು ಚಿನ್ನ ಹೂತು ಮರೆತುಬಿಟ್ಟನಂತೆ.

"ಬಿಂದು, ಈ ತ್ರಿಕೋನ ನೋಡು. ಕಂಡಿಪ್ಪಾ, ಖಂಡಿತಾ ಗುರ್ತು ಮಾಡ್ಯಾರ."

"ಅದು ಸರ್ವೆಯವರ ಕಲ್ಲು, ಭಾವ. ಎಲ್ಲಾ ನಕ್ಷೆಯಾಗೂ ಇರ್ತದ."

"ನಿಮ್ಮ ಆಫೀಸಿನವ್ರು ಹಂಗ ಹೇಳ್ತಾರ."

ಆಕಾಶದಿಂದ ತೆಗೆದ ಫೋಟೋ ನೋಡಿ ಕೆರೆ ಎಲ್ಲಿತ್ತು, ಯಾರು ನುಂಗಿದರು ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಇವರಿಂದ ನಾನು ಪಾಠ ಕಲಿಯಬೇಕು.

ತೋಪು ಮಾರಲು ಪಾರ್ಟಿ ಸಿಕ್ಕಿದೆ. ನಿಧಿ ನೋಡುವ ತನಕ ಭಾವ ಸಹಿ ಹಾಕುವುದಿಲ್ಲ. ನನ್ನ ಗಂಡ ರುದ್ರೇಶ್ ಅಣ್ಣನ ಎದುರು ತುಟಿ ಪಿಟಕ್ಕೆನ್ನುವುದಿಲ್ಲ. ಇಡ್ಲಿ ತಿಂದರು. ಇಬ್ಬರೂ.

ಏಪ್ರಿಲ್ 28, ಭಾನುವಾರ

ವಡಪಳನಿಯಿಂದ ಡ್ರೋನ್ ತರಿಸಿದ್ದರು. ಮದುವೆ ವಿಡಿಯೋದ ಡ್ರೋನ್. ಧನುಷ್ ಎಂಬ ಆಪರೇಟರ್ ಅಭ್ಯಾಸಬಲದಿಂದ ಪ್ರತಿ ಮಾವಿನ ಮರಕ್ಕೂ ಒಂದು ಸುತ್ತು ಹಾಕಿಸಿದ — ಮದುಮಕ್ಕಳಿಗೆ ಹಾಕಿಸುವ ಹಾಗೆ. ಭಾವ ಟೋಪಿ ಹಾಕಿಕೊಂಡು ಮೇಲೆ ನೋಡಿ ಕೈ ಬೀಸಿದರು. ಅದೂ ಫೋಟೋದಲ್ಲಿದೆ.

ಒಂದು ವಿಷಯ ಮಾತ್ರ ನಿಜ. ತೋಪಿನ ಹುಲ್ಲೆಲ್ಲ ಒಣಗಿದೆ, ನೇರಳೆ ಮರದ ಪಕ್ಕ ಒಂದು ಹಸಿರು ಚೌಕ. ಸಣ್ಣದು. ಅಗೆದು ಮುಚ್ಚಿದ ಮಣ್ಣು ಸಡಿಲ, ನೀರು ಹಿಡಿದುಕೊಳ್ಳುತ್ತದೆ. ಮನುಷ್ಯರೇ ತೋಡಿದ ಗುಂಡಿ, ಅನುಮಾನವಿಲ್ಲ.

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೇಳಿಬಿಟ್ಟೆ. ಭಾವ ಅಲ್ಲೇ ಕುಣಿದರು.

"ಅಲ್ಲೇ! ಅವ್ವ ಹಾಲು ಹಾಕೋದೂ ಅಲ್ಲೇ!"

ಇದು ಅವರ ದೊಡ್ಡ ಸಾಕ್ಷಿ. ಪ್ರತಿ ವರ್ಷ ಬಸವ ಜಯಂತಿಯ ಮರುದಿನ ಅತ್ತೆ ಒಬ್ಬರೇ ತೋಪಿಗೆ ಹೋಗುತ್ತಾರೆ. ಸಣ್ಣ ಚೊಂಬಿನಲ್ಲಿ ಹಾಲು, ವಿಭೂತಿ, ಒಂದು ದೀಪ. ಯಾರನ್ನೂ ಜೊತೆಗೆ ಕರೆದೊಯ್ಯುವುದಿಲ್ಲ. ಭಾವ ಹುಡುಗನಾಗಿದ್ದಾಗ ಹಿಂದೆಯೇ ಹೋಗಿ ನೋಡಿದ್ದರಂತೆ. ನಿಧಿ ಕಾಯುವ ಹಾವಿಗೆ ಹಾಲು ಎಂದು ಆಗಲೇ ತೀರ್ಮಾನ. ಆ ಹುಡುಗನ ಬುದ್ಧಿ ಅಲ್ಲಿಗೇ ನಿಂತಿದೆ.

ಮೇ 7, ಮಂಗಳವಾರ

ಆಫೀಸಿನ ಹಳೇ ಪೆಟ್ಟಿಗೆಗಳಿಂದ ಎರಡು ಫೋಟೋ ತೆಗೆಸಿದೆ. ಎರಡೂ ವಿಮಾನದಿಂದ ತೆಗೆದದ್ದು. ಐವತ್ತೆಂಟರದ್ದರಲ್ಲಿ ನೇರಳೆ ಮರ ಇದೆ, ಚೌಕ ಇಲ್ಲ. ಎಪ್ಪತ್ತೊಂದರದ್ದರಲ್ಲಿ ಚೌಕ ಇದೆ, ಕಪ್ಪಗೆ, ಸ್ಪಷ್ಟವಾಗಿ. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ತೋಡಿದ್ದು. ಅಷ್ಟರಲ್ಲಿ ಅಜ್ಜ ಲಿಂಗೈಕ್ಯ. ಚಿನ್ನದ ಕಥೆ ಮುಗಿಯಿತು. ಗೊಬ್ಬರದ ಗುಂಡಿ!

ಊಟದ ಹೊತ್ತಿಗೆ ಎಲ್ಲರ ಮುಂದೆ ಇಟ್ಟೆ. ಭಾವನ ಮುಖ ನೋಡುವ ಹಾಗಿತ್ತು. ಅತ್ತೆ ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡರು.

"ಇದು ಮ್ಯಾಲಿಂದ ಕಾಣ್ತದೇನು?"

"ಎಲ್ಲಾ ಕಾಣ್ತದ, ಅತ್ತಿ."

"ಇಷ್ಟ್ ಸಣ್ಣದೂ?"

ಬಹಳ ಹೊತ್ತು ನೋಡಿದರು. ಸಾರು ಆರಿತು. ಆಮೇಲೆ — "ಬ್ಯಾರೆ ಎಲ್ಲಿ ಬೇಕಾದ್ರೂ ಅಗೀರಿ. ಇಲ್ಲಿ ಬ್ಯಾಡ."

"ನೋಡ್ದೀ? ಅವ್ವಗ ಗೊತ್ತದ!" ಎಂದರು ಭಾವ. ಹೋದ ಪ್ರಾಣ ಮತ್ತೆ ಬಂತು ಅವರಿಗೆ. ತಲೆ ಚಚ್ಚಿಕೊಳ್ಳಬೇಕು.

ಮೇ 11, ಶನಿವಾರ

ನಿನ್ನೆ ಬಸವ ಜಯಂತಿ. ಇವತ್ತು ಅತ್ತೆ ಬೆಳಿಗ್ಗೆಯೇ ಆಟೋ ಮಾಡಿಕೊಂಡು ತೋಪಿಗೆ ಹೋಗಿ ಬಂದರು. ಕಣ್ಣು ಕೆಂಪು. ಈ ಬಿಸಿಲಲ್ಲಿ ಹೋದರೆ ಇನ್ನೇನು?

ಅಡುಗೆಮನೆಗೆ ಬಂದು ನಿಂತರು. "ಬಿಂದು, ನೀ ಹೇಳಿದ್ರ ಅವ್ರು ಕೇಳ್ತಾರ. ಅಗಿಬ್ಯಾಡ್ರಿ ಅಂತ ಹೇಳು."

"ಯಾಕ ಅತ್ತಿ?"

ಸೆರಗಿನ ತುದಿ ಸುತ್ತುತ್ತಾ ನಿಂತರು. ಹಾವು ಎಂದು ಹೇಳಲು ನಾಚಿಕೆ ಇರಬೇಕು. ಪಾಪ ಎನ್ನಿಸಲಿಲ್ಲ, ಸಿಟ್ಟು ಬಂತು. ಈ ಮನೆಯಲ್ಲಿ ತಲೆ ಇರುವವಳು ನಾನೊಬ್ಬಳೇ.

ಭಾವನಿಗೆ ಫೋನ್ ಮಾಡಿ ನಾನೇ ಹೇಳಿದೆ — ಅಗೆಸಿ. ಗೊಬ್ಬರ ಕಣ್ಣಾರೆ ನೋಡಿ, ಸಹಿ ಹಾಕಿ.

ಮೇ 19, ಭಾನುವಾರ. ಬೆಳಿಗ್ಗೆ 6

ಅತ್ತೆಗೆ ಹೇಳದೆ ಹೊರಟಿದ್ದೇವೆ. ಫ್ಲಾಸ್ಕಿನಲ್ಲಿ ಕಾಫಿ ತುಂಬಿದೆ. ಭಾವ ಹೊಸ ಪಂಚೆ ಉಟ್ಟು ಬಂದಿದ್ದಾರೆ, ನಿಧಿಗೆ ಮರ್ಯಾದೆ. ಕ್ಯಾಮೆರಾ ಮರೆಯಬಾರದು. ಆ ಮುಖ ನನಗೆ ಬೇಕು.

ಮೇ 19, ಸಂಜೆ

ಬರೆಯಲಾಗುತ್ತಿಲ್ಲ.

ಮೇ 23, ಗುರುವಾರ

ಬರೆದುಬಿಡುತ್ತೇನೆ.

ಗೊಬ್ಬರ ಇರಲಿಲ್ಲ. ಸೊಂಟದಷ್ಟು ಆಳದಲ್ಲಿ ಮಣ್ಣು ಬೆಳ್ಳಗಾಯಿತು. ಸುಣ್ಣ ಎಂದೆ ನಾನು. ಆಗಲೂ ಜಂಬ. ರುದ್ರೇಶ್ ಒಂದು ಹೆಂಟೆ ಎತ್ತಿ ಪುಡಿ ಮಾಡಿ ಮೂಸಿದರು. ವಿಭೂತಿ. ಗಟ್ಟಿ ಗಟ್ಟಿ ವಿಭೂತಿ, ಸುತ್ತಲೂ.

ಭಾವ ಕೂಗಿದರು. "ಬೆಳ್ಳಿ! ಸಿಕ್ತು!"

ಕೈಯಲ್ಲಿ ಕಪ್ಪಗಾದ ಬೆಳ್ಳಿಯ ಕರಡಿಗೆ. ನನ್ನ ಕೊರಳಲ್ಲೂ ಒಂದಿದೆ, ಲಿಂಗ ಇಟ್ಟುಕೊಳ್ಳುವ ಕರಡಿಗೆ. ಇದು ಅದರ ಅರ್ಧವೂ ಇಲ್ಲ. ಮುಚ್ಚಳ ತೆಗೆದರು. ಒಳಗೆ ಲಿಂಗ. ಅಷ್ಟು ಚಿಕ್ಕ ಕರಡಿಗೆ ಯಾರಿಗೆ ಕಟ್ಟುತ್ತಾರೆ ಎಂದು ಮೂವರಿಗೂ ಗೊತ್ತು.

ನಮ್ಮವರು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಸ್ವಂತ ಹೊಲವಿದ್ದರೆ ಹೊಲದಲ್ಲೇ. ಲಿಂಗವನ್ನು ಕೈಯಲ್ಲಿಟ್ಟು, ಸುತ್ತ ವಿಭೂತಿ ತುಂಬಿ. ಮಾವನಿಗೆ ಹಾಗೆ ಮಾಡಿದಾಗ ನಾನೂ ಒಂದು ಹಿಡಿ ವಿಭೂತಿ ಹಾಕಿದ್ದೆ. ಗೊತ್ತಿದ್ದವಳು. ಐವತ್ತೆಂಟಕ್ಕೂ ಎಪ್ಪತ್ತೊಂದಕ್ಕೂ ನಡುವೆ ಯಾರು ತೋಡಿದರು, ಯಾಕೆ ತೋಡಿದರು — ಕೇಳಬೇಕಾದದ್ದು ಅದೊಂದೇ ಪ್ರಶ್ನೆ. ಗೊಬ್ಬರ ಎಂದೆ.

ಭಾವ ಮಣ್ಣಿನ ಮೇಲೆ ಕೂತು ಅತ್ತರು. ಹೊಸ ಪಂಚೆಯಲ್ಲಿ. ನಗು ಬರಲಿಲ್ಲ ನನಗೆ. ಕ್ಯಾಮೆರಾ ಕಾರಿನಲ್ಲೇ ಉಳಿಯಿತು.

ಅದೇ ಕೈಗಳಿಂದ ಮತ್ತೆ ಮುಚ್ಚಿದೆವು. ಕರಡಿಗೆಯನ್ನು ಒಳಗೇ ಇಟ್ಟು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಮ್ಮ ಕಾಲಿನ ಮಣ್ಣು ನೋಡಿದರು.

"ಕಲಾವತಿ ಅಂತ ಇಟ್ಟಿದ್ವಿ," ಎಂದರು. "ಗುರುಬಸಪ್ಪಗಿಂತ ಮೊದ್ಲು. ಜ್ವರ ಬಂತು, ಹೋತು. ಹೆಸರು ಎತ್ತಬ್ಯಾಡ, ಮುಂದಿನವು ನಿಲ್ಲಂಗಿಲ್ಲ ಅಂದ್ರು ನಮ್ಮ ಅತ್ತಿ. ಎತ್ತಲಿಲ್ಲ."

ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆ ಇರುವವಳಂತೆ ನಾನು. ಥೂ.

ಜೂನ್ 2, ಭಾನುವಾರ

ಭಾವ ಬಂದರು. ನಕ್ಷೆ ಇಲ್ಲ. ತೋಪು ಮಾರುವುದಿಲ್ಲ ಎಂದರು. ಈ ಸಲ ರುದ್ರೇಶ್ ಬಾಯಿ ಬಿಟ್ಟರು — "ಹೌದು."

ಜೂನ್ 8, ಶನಿವಾರ

ಅತ್ತೆ ನನ್ನ ಮೇಜಿನ ಹತ್ತಿರ ಬಂದರು. ಎಪ್ಪತ್ತೊಂದರ ಫೋಟೋ ಬೇಕಂತೆ.

"ಅದೇನು ಮಾಡ್ತೀರಿ, ಅತ್ತಿ?"

"ಆ ಕೂಸಿನ ಫೋಟೋ ಒಂದೂ ಇಲ್ಲ ನಮ್ಮನ್ಯಾಗ. ಇದೊಂದ ಇರೋದು."

ಪುರಸೈವಾಕ್ಕಂನ ಫ್ರೇಮ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಫೋಟೋ ತಿರುಗಿಸಿ ಮುರುಗಿಸಿ ನೋಡಿದ. ಬರೀ ಮರ, ಮಣ್ಣು, ಒಂದು ಕಪ್ಪು ಚುಕ್ಕೆ. "ಎನ್ನ ಸೈಜ್ ವೇಣುಂ, ಪಾಟಿ?" ಎಂದು ತಮಿಳಿನಲ್ಲಿ ಅಜ್ಜಿಗೆ ಅಳತೆ ಕೇಳಿದ. ನಾನು ಅಳತೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಚೀಲ ಕೆಳಗಿಟ್ಟು, ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈ ಮುಂದೆ ಚಾಚಿ, ಒಂದು ಅಂಗೈ ತಲೆಯ ಕೆಳಗೆ, ಇನ್ನೊಂದು —