ಒಡೆದ ಕೆಸರು

ಅಮ್ಮಾ, ಕಾರ್ಡಿಗೆ ಎಣ್ಣೆ ಮೆತ್ತಿದೆ, ಬೈಯಬೇಡ.

ಆಳದ ತೈಲಬಾವಿ ಕೊರೆಯುವ ಬೈರಿಗೆ ಸಿಕ್ಕಿಕೊಳ್ಳದಿರಲೆಂದು ಇಲ್ಲಿ ಎಣ್ಣೆಗೆ ಉಪ್ಪುನೀರು ಬೆರೆಸಿ ‘ಕೆಸರು’ ಎನ್ನುವ ಮಂದ ದ್ರವ ಮಾಡುತ್ತೇವೆ. ಮೊನ್ನೆ ಅವಸರದಲ್ಲಿ ನಾನು ನೀರನ್ನು ಒಮ್ಮೆಗೇ ಸುರಿದೆ. ಇಡೀ ತೊಟ್ಟಿ ಒಡೆದ ಹಾಲಿನಂತಾಗಿ ಎಣ್ಣೆ ಬೇರೆ, ನೀರು ಬೇರೆ ಆಯಿತು. ಕೆಲಸ ಹೋಯಿತು ಎಂದುಕೊಂಡೆ. ಮೇಸ್ತ್ರಿ ರೇಗಲಿಲ್ಲ. “ಚೆಲ್ಲಬೇಡ ಕಣಪ್ಪಾ. ಇನ್ನಷ್ಟು ಸೋಪಿನ ಮದ್ದು ಹಾಕಿ ತಿರುಗಿಸ್ತಾ ಇರು, ಕೂಡ್ಕೊಳ್ಳುತ್ತೆ” ಎಂದರು. ಸಂಜೆಯ ಹೊತ್ತಿಗೆ ನಿಜವಾಗಿಯೂ ಕೂಡಿಕೊಂಡಿತು.

ಕೈಯ ತುರಿಕೆ ಇಳಿದಿದೆ, ಗ್ಲೌಸ್ ಕೊಟ್ಟಿದ್ದಾರೆ.

ನಾನೂ ಅಪ್ಪನೂ ಎಣ್ಣೆ ಸೀಗೆಕಾಯಿ ಎಂದು ನೀನು ಗೊಣಗುತ್ತಿದ್ದೆಯಲ್ಲ. ನನ್ನ ಕವರು ಬಂದರೆ ಅವರು ಮುಟ್ಟುವುದಿಲ್ಲ, ಅದಕ್ಕೇ ಈ ಸಲ ಕಾರ್ಡು. ಓದಿದ ಮೇಲೆ ಅವರ ಕನ್ನಡಕದ ಪಕ್ಕ ಮರೆತವಳ ಹಾಗೆ ಇಟ್ಟುಬಿಡು.

ನಿಮ್ಮಿಬ್ಬರ ಮಗ